ತಲೆಯ ಮೇಲೆ ಕೈ: ಒಬ್ಬ ದೋಟಿ ಕೆಲಸಗಾರರ ಕುತ್ತಿಗೆ ನೋವಿನ ಪ್ರಕರಣ

ತುಳುವರ ಆಟಿ ತಿಂಗಳು ಕಳೆದು, ಆಗಸ್ಟ್ ನಡುವಿನಲ್ಲಿ ಸೋಣ ಕಾಲಿಟ್ಟಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿರುವ ನನ್ನ ಪುಟ್ಟ ಫಿಸಿಯೋಥೆರಪಿ ಚಿಕಿತ್ಸಾಲಯದ ಬೆಂಚಿನ ಮೇಲೆ ಒಬ್ಬರು ಬಲಗೈಯನ್ನು ಎತ್ತಿ ನೆತ್ತಿಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿದ್ದ ವಯಸ್ಸಾದ ತಾಯಿ ಎರಡು ಸಲ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. ಮೂರನೆಯ ಸಲವೂ ಅದು ಮೇಲೆ ಹೋದಾಗ ಗದರಿದರು. ತಲೆಯ ಮೇಲೆ ಕೈ ಹೊತ್ತು ಕೂರುವುದು ಎಲ್ಲವನ್ನೂ ಕಳೆದುಕೊಂಡವರ ಲಕ್ಷಣ, ಮನೆಗೆ ಶ್ರೇಯಸ್ಸಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ಮಗ ಎರಡು ತಿಂಗಳಿನಿಂದ ಹೀಗೆಯೇ ಕೂರುತ್ತಾನೆ, ನಿದ್ದೆಯಲ್ಲೂ ಕೈ ತಲೆಯ ಮೇಲೆಯೇ ಇರುತ್ತದೆ, ಯಾರದೋ ಕಣ್ಣು ಬಿದ್ದಿದೆ ಎಂದು ಆ ತಾಯಿ ನನ್ನೊಡನೆ ಹೇಳಿಕೊಂಡರು.

ಆ ಭಂಗಿಯನ್ನು ಕಂಡಾಗಲೇ ನನಗೆ ಅರ್ಧ ಕಾಯಿಲೆ ಕಂಡಿತ್ತು. ಕುತ್ತಿಗೆಯಿಂದ ಕೈಗೆ ಇಳಿಯುವ ನರದ ಬೇರು ಒತ್ತಡಕ್ಕೆ ಸಿಕ್ಕಿದಾಗ, ಕೈಯನ್ನು ತಲೆಯ ಮೇಲಿಟ್ಟರೆ ನರದ ಎಳೆತ ಸಡಿಲವಾಗಿ ನೋವು ತಗ್ಗುತ್ತದೆ. ವೈದ್ಯಕೀಯದಲ್ಲಿ ಇದನ್ನು ಬಕೋಡಿ ಚಿಹ್ನೆ ಎನ್ನುತ್ತಾರೆ. ಯಾರೂ ಹೇಳಿಕೊಡದೆಯೇ ಅವರ ದೇಹ ಆ ಉಪಾಯವನ್ನು ತಾನೇ ಕಂಡುಕೊಂಡಿತ್ತು. ಇದನ್ನು ಮೊದಲು ತಾಯಿಗೆ ವಿವರಿಸಿದೆ. ಅನಂತರ ಅವರು ಮಗನ ಕೈಯನ್ನು ಎಳೆಯಲಿಲ್ಲ.

ಈ ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಕೆಲಸ ಮತ್ತು ನೋವು

ವಯಸ್ಸು ನಲವತ್ತೇಳು. ಇಪ್ಪತ್ತು ವರ್ಷ ಅಡಿಕೆ ಮರ ಏರಿದವರು. ನಾಲ್ಕು ವರ್ಷಗಳಿಂದ ಮರ ಏರುವುದನ್ನು ಬಿಟ್ಟು ಕಾರ್ಬನ್ ಫೈಬರ್ ದೋಟಿ ಹಿಡಿದಿದ್ದಾರೆ. ಮುಳ್ಳೇರಿಯದಿಂದ ಪೆರ್ಲದವರೆಗಿನ ತೋಟಗಳಲ್ಲಿ ಮಳೆಗಾಲದಲ್ಲಿ ಮದ್ದು ಬಿಡುವುದು (ಸಿಂಪಡಿಸುವುದು), ಬೇಸಿಗೆಯಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಯುವುದು ಅವರ ಕಸುಬು. ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳ ಈ ದೋಟಿಯನ್ನು ಎಳೆದು ಉದ್ದಮಾಡಿದರೆ ಅರವತ್ತು ಅಡಿ ಎತ್ತರದ ಕೊನೆಯನ್ನೂ ನೆಲದಲ್ಲಿ ನಿಂತೇ ಮುಟ್ಟಬಹುದು. ಇದು ನಮ್ಮ ಭಾಗಕ್ಕೆ ಬಂದ ದೊಡ್ಡ ಉಪಕಾರ. ಮರದಿಂದ ಬಿದ್ದು ಬೆನ್ನುಹುರಿ ತುಂಡಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರನ್ನು ನಾನು ನೋಡಿಕೊಂಡಿದ್ದೇನೆ. ಅವರ ಮನೆಗಳಿಗೆ ಹೋಗಿ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆದ್ದರಿಂದ ಮುಂದೆ ಹೇಳುವ ಯಾವ ಮಾತನ್ನೂ ದೋಟಿಯ ವಿರುದ್ಧದ ಮಾತೆಂದು ದಯವಿಟ್ಟು ತಿಳಿಯಬೇಡಿ.

ಆದರೆ ದೋಟಿ ಹಿಡಿದವರು ದಿನವಿಡೀ ಮೇಲೆ ನೋಡಬೇಕು. ಕುತ್ತಿಗೆ ಹಿಂದಕ್ಕೆ ಬಾಗಿರುತ್ತದೆ. ದೋಟಿಯನ್ನು ಬಲಭುಜಕ್ಕೆ ಒತ್ತಿ ಹಿಡಿಯುವವರ ಕತ್ತು ಬಲಕ್ಕೂ ವಾಲುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲದಲ್ಲಂತೂ ಬಿಡುವೇ ಇಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ಆ ಮದ್ದನ್ನು ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ಸುಮಾರು ನಲವತ್ತು ದಿನಗಳಿಗೊಮ್ಮೆ ಬಿಡಬೇಕು. ಮಳೆ ಹೊಳವಾದ ನಾಲ್ಕು ಗಂಟೆಯಲ್ಲಿ ಇಡೀ ತೋಟ ಮುಗಿಯಬೇಕು. ಕೆಲಸಕ್ಕೆ ಜನ ಸಿಗುವುದಿಲ್ಲವಾದ್ದರಿಂದ ಸಿಕ್ಕಿದವರ ಮೇಲೆಯೇ ಭಾರವೆಲ್ಲ.

ನೋವು ಶುರುವಾದದ್ದು ಮೊದಲ ಸಿಂಪಡಣೆಯ ಹೊತ್ತಿಗೆ. ಬಲ ಹೆಗಲಿನ ಹಿಂಭಾಗದಲ್ಲಿ, ಬೆನ್ನಿನ ಹಲಗೆಯ ಒಳ ಅಂಚಿನಲ್ಲಿ ಮೊಳೆ ಹೊಡೆದಂತೆ ಇತ್ತಂತೆ. ಉಳುಕು ಎಂದುಕೊಂಡು ಎಣ್ಣೆ ತಿಕ್ಕಿಸಿದರು. ಎರಡನೆಯ ಸಿಂಪಡಣೆಯ ವೇಳೆಗೆ ನೋವು ತೋಳಿನ ಹಿಂಭಾಗಕ್ಕೆ ಹರಿದು ಮುಂಗೈ ದಾಟಿ ನಡುಬೆರಳಿಗೆ ಇಳಿಯಿತು. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ತಿರುಗಾಡುತ್ತಿದ್ದರು.

ಮೂರು ಸಿಟ್ಟಿಂಗ್

ಯಾರೋ ಮೊಬೈಲಿನಲ್ಲಿ ತೋರಿಸಿದ ವಿಡಿಯೋ ಅವರನ್ನು ಊರಾಚೆಯ ಒಂದು ಕೈರೋಪ್ರಾಕ್ಟಿಕ್ ಕೇಂದ್ರಕ್ಕೆ, ಅಂದರೆ ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸಿ ಚಿಕಿತ್ಸೆ ಮಾಡುವಲ್ಲಿಗೆ ಕರೆದೊಯ್ದಿತು. ಆ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಕತ್ತನ್ನು ಹಿಡಿದು ತಿರುಗಿಸಿದ ಕೂಡಲೇ ಟಕ್ ಎಂಬ ಸದ್ದು, ಅದರ ಹಿಂದೆಯೇ ರೋಗಿಯ ಕಣ್ಣಲ್ಲಿ ಬಿಡುಗಡೆಯ ನೀರು. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಅದು ಹೇಗೆ ಕಾಣುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಅಲ್ಲಿಗೆ ಹೋದದ್ದಕ್ಕೆ ಅವರನ್ನು ದೂರುವ ಮನಸ್ಸು ನನಗಿಲ್ಲ.

ಅಲ್ಲಿ ಎಕ್ಸ್‌ರೇ ತೆಗೆಸಿ, ಕುತ್ತಿಗೆಯ ಸಹಜ ಬಾಗು ಹೋಗಿ ಎಲುಬು ನೆಟ್ಟಗಾಗಿದೆ, ಜಾರಿದ್ದನ್ನು ಕೂರಿಸಬೇಕು ಎಂದರಂತೆ. ಇಂಗ್ಲಿಷಿನಲ್ಲಿದ್ದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಏನಿತ್ತು ಎಂದು ಇವರಿಗೆ ಇಂದಿಗೂ ತಿಳಿಯದು. ಮೊದಲ ಸಲ ಬೆನ್ನಿನ ಮೇಲ್ಭಾಗವನ್ನೂ ಕುತ್ತಿಗೆಯನ್ನೂ ಒತ್ತಿ ಸದ್ದು ಬರಿಸಿದರು. ಎರಡು ದಿನ ನಿಜವಾಗಿಯೂ ಹಗುರವಾಯಿತು. ಎರಡನೆಯ ಸಲ ಅಷ್ಟೇನೂ ಗುಣ ಕಾಣಲಿಲ್ಲ. ಮೂರನೆಯ ಸಲ ಕುತ್ತಿಗೆಯನ್ನು ಬಲಕ್ಕೆ ವೇಗವಾಗಿ ತಿರುಗಿಸಿದರು. ಅಂದು ಸಂಜೆ ಬಾವಿಯಿಂದ ಕೊಡ ಎತ್ತಿ ಕಟ್ಟೆಯ ಮೇಲಿಟ್ಟು, ಅದನ್ನು ಆಚೆ ದೂಡಲು ಹೋದರೆ ಕೈ ಮಡಚಿಕೊಂಡಿತು. ನಡುಬೆರಳಿನ ತುದಿ ಸತ್ತಂತಾಗಿತ್ತು.

ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೇಳಿದ್ದು ಒಂದೇ ವಿಷಯ. ಆ ಮೂರು ಸಲದಲ್ಲಿ ಒಮ್ಮೆಯಾದರೂ ಯಾರಾದರೂ ನಿಮ್ಮ ಕೈಯ ಬಲ ನೋಡಿದರೇ, ಮೊಣಕೈಯ ಹಿಂದೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೇ, ಬೆರಳುಗಳ ಸ್ಪರ್ಶ ಕೇಳಿದರೇ? ಇಲ್ಲ ಎಂದರು. ಕೈಗೆ ಜೋಮು ಹಿಡಿಯುತ್ತದೆ ಎಂದು ಎರಡನೆಯ ಸಲ ತಾವಾಗಿಯೇ ಹೇಳಿದ್ದರಂತೆ. ಮಲಯಾಳದಲ್ಲಿ ಬರೆದುಕೊಳ್ಳುತ್ತಿದ್ದ ಸಹಾಯಕರು ತರಿಪ್ಪು ಎಂದು ಬರೆದುಕೊಂಡರು. ನಮ್ಮ ಜಿಲ್ಲೆಯಲ್ಲಿ ಒಂದು ನೋವು ತುಳುವಿನಲ್ಲಿ ಹುಟ್ಟಿ, ಕನ್ನಡದಲ್ಲಿ ಹೇಳಲ್ಪಟ್ಟು, ಮಲಯಾಳದಲ್ಲಿ ಬರೆಯಲ್ಪಟ್ಟು, ಇಂಗ್ಲಿಷಿನಲ್ಲಿ ಸಹಿಯಾಗುತ್ತದೆ. ಜೋಮು, ಉರಿ, ಸೆಳೆತ, ಮರಗಟ್ಟುವಿಕೆ, ಬಲಹೀನತೆ ಇವು ಐದೂ ಬೇರೆ ಬೇರೆ. ದಾರಿಯಲ್ಲಿ ಒಂದು ಉದುರಿಹೋದರೂ ಚಿಕಿತ್ಸೆಯ ದಿಕ್ಕೇ ತಪ್ಪಬಹುದು. ಹಾಗಾಗಿ ನಾನು ಪದವನ್ನು ನಂಬಿ ಬಿಟ್ಟುಬಿಡುವುದಿಲ್ಲ. ಹತ್ತಿಯಿಂದ ಮುಟ್ಟಿ, ಸೂಜಿಯ ತುದಿಯಿಂದ ಚುಚ್ಚಿ, ಎರಡೂ ಕೈಗಳನ್ನು ಹೋಲಿಸಿ ನೋಡುತ್ತೇನೆ.

ಪರೀಕ್ಷೆಯಲ್ಲಿ ಕಂಡದ್ದು

ಮೊಣಕೈಯನ್ನು ನೇರಮಾಡುವ ಸ್ನಾಯುವಿನ ಬಲ ಐದಕ್ಕೆ ನಾಲ್ಕು ಇತ್ತು. ಆ ಸ್ನಾಯುವಿನ ಪ್ರತಿವರ್ತನೆ (ಸುತ್ತಿಗೆಯಿಂದ ತಟ್ಟಿದಾಗ ತಾನಾಗಿ ಆಗುವ ಮಿಡಿತ) ಎಡಗೈಯಲ್ಲಿ ಚುರುಕಾಗಿದ್ದರೆ ಬಲಗೈಯಲ್ಲಿ ಕಷ್ಟದಿಂದ ಕಾಣಿಸಿತು. ನಡುಬೆರಳಿನ ತುದಿಗೆ ಸೂಜಿ ಮೊಂಡಾಗಿ ತಗಲುತ್ತಿತ್ತು. ಈ ಮೂರೂ ಕೂಡಿ ಬೊಟ್ಟು ಮಾಡುವುದು ಕುತ್ತಿಗೆಯ ಏಳನೆಯ ನರದ ಬೇರಿನ ಕಡೆಗೆ. ಅದು ಹೊರಬೀಳುವುದು ಆರನೆಯ ಮತ್ತು ಏಳನೆಯ ಕಶೇರುಗಳ (ಕತ್ತಿನ ಎಲುಬಿನ ಮಣಿಗಳ) ನಡುವಿನಿಂದ.

ಆಮೇಲೆ ಸ್ಪರ್ಲಿಂಗ್ ಪರೀಕ್ಷೆ. ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಎಂಬ ಅಮೆರಿಕದ ನರಶಸ್ತ್ರಜ್ಞರು 1944ರಲ್ಲಿ ವಿವರಿಸಿದ್ದು. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ನೋವಿನ ಕಡೆಗೆ ವಾಲಿಸಿ, ತಲೆಯ ಮೇಲಿನಿಂದ ಮೆತ್ತಗೆ ಒತ್ತಬೇಕು. ನರ ಹೊರಬೀಳುವ ಕಿಂಡಿ ಆಗ ಕಿರಿದಾಗುತ್ತದೆ. ನಾನು ಒತ್ತಲೇ ಇಲ್ಲ. ಹಿಂದಕ್ಕೆ ಬಾಗಿಸಿ ಬಲಕ್ಕೆ ವಾಲಿಸುವಷ್ಟರಲ್ಲಿ ನೋವು ಬೆರಳಿನವರೆಗೆ ಮಿಂಚಿತು. ಆ ಕ್ಷಣ ನನ್ನ ಮನಸ್ಸಿನಲ್ಲಿ ಮೂಡಿದ್ದು ದೋಟಿಯ ಚಿತ್ರ. ನಾವು ಐದು ಸೆಕೆಂಡು ಮಾಡಿ ಬಿಟ್ಟುಬಿಡುವ ಪರೀಕ್ಷೆಯ ಭಂಗಿಯಲ್ಲಿಯೇ ಇವರು ದಿನಕ್ಕೆ ಆರೇಳು ಗಂಟೆ ದುಡಿಯುತ್ತಿದ್ದರು.

ಭಯಪಡಬೇಕಾದ ಲಕ್ಷಣಗಳನ್ನೂ ಹುಡುಕಿದೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆಯೇ, ನಡಿಗೆ ತಪ್ಪುತ್ತದೆಯೇ, ಮೂತ್ರ ವಿಸರ್ಜನೆಯಲ್ಲಿ ವ್ಯತ್ಯಾಸವಾಗಿದೆಯೇ: ಇವು ಬೆನ್ನುಹುರಿಯೇ ಒತ್ತಿಹೋಗುತ್ತಿರುವ ಸೂಚನೆಗಳು. ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಹಿಂದೆಂದೂ ಇಲ್ಲದಂಥ ಹೊಸ ತಲೆನೋವು ಅಥವಾ ಕತ್ತುನೋವು: ಇವು ಕುತ್ತಿಗೆಯಲ್ಲಿ ಮಿದುಳಿಗೆ ಏರುವ ರಕ್ತನಾಳದ ಒಳಪದರ ಸೀಳಿರಬಹುದು ಎನ್ನುವ ಸೂಚನೆಗಳು. ಕುತ್ತಿಗೆಯನ್ನು ವೇಗವಾಗಿ ತಿರುಗಿಸಿದ ಕೆಲವೇ ದಿನಗಳಲ್ಲಿ ಬಂದವರನ್ನು ಇವುಗಳ ಬಗ್ಗೆ ಕೇಳದೆ ಬಿಡುವುದು ಅಪರಾಧ. ಅಪರೂಪದ ತೊಂದರೆ ಹೌದು. ಆದರೆ ಅದು ಪಾರ್ಶ್ವವಾಯುವಿನಲ್ಲಿ ಮುಗಿಯಬಹುದು. ಕುತ್ತಿಗೆಯನ್ನು ಹೀಗೆ ಹಠಾತ್ತನೆ ಒತ್ತುವ, ತಿರುಗಿಸುವ ಮ್ಯಾನಿಪ್ಯುಲೇಶನ್‌ಗೂ ಈ ಸೀಳಿಕೆಗೂ ನಂಟು ಕಂಡುಬಂದಿದೆ, ಕಾರಣ ಸಂಬಂಧ ಸಿದ್ಧವಾಗಿಲ್ಲವಾದರೂ ಈ ಸಾಧ್ಯತೆಯನ್ನು ರೋಗಿಗೆ ಮೊದಲೇ ತಿಳಿಸಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿತು. ಸೀಳಿಕೆ ಆಗಲೇ ಶುರುವಾಗಿ, ಅದರ ನೋವಿಗಾಗಿಯೇ ಜನ ಕುತ್ತಿಗೆ ತಿರುಗಿಸಿಕೊಳ್ಳಲು ಹೋಗುವುದೂ ಉಂಟು.

ನಮ್ಮ ಅದೃಷ್ಟಕ್ಕೆ ಇವರಲ್ಲಿ ಅವು ಯಾವುವೂ ಇರಲಿಲ್ಲ. ಆದರೂ ಬಲ ಕುಂದಿದ್ದರಿಂದ ಅಂದು ನಾನು ಕುತ್ತಿಗೆಗೆ ಯಾವ ಚಿಕಿತ್ಸೆಯನ್ನೂ ಮಾಡಲಿಲ್ಲ. ವೈದ್ಯರಿಗೆ ಪತ್ರ ಬರೆದು ಮಂಗಳೂರಿಗೆ ಕಳುಹಿಸಿದೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಹೋಗುವುದು ನಮಗೆ ರೂಢಿ. 2020ರಲ್ಲಿ ಆ ಗಡಿ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡನ್ನು ಮರೆಯಲು ಸಾಧ್ಯವಿಲ್ಲ. ಎಂಆರ್‌ಐಯಲ್ಲಿ ಆರನೆಯ ಮತ್ತು ಏಳನೆಯ ಕಶೇರುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಬಲಕ್ಕೆ ಉಬ್ಬಿ ನರದ ಬೇರನ್ನು ಒತ್ತಿದ್ದು ಕಂಡಿತು. ಬೆನ್ನುಹುರಿ ಸುರಕ್ಷಿತವಾಗಿತ್ತು. ಬಲ ಇನ್ನೂ ಇಳಿದರೆ ಶಸ್ತ್ರಚಿಕಿತ್ಸೆ, ಇಲ್ಲವಾದರೆ ಆರು ವಾರ ಕಾಯೋಣ ಎಂದರು ನರಶಸ್ತ್ರಜ್ಞರು. ಕೆಲವು ದಿನಗಳಿಗೆ ಮಾತ್ರೆ ಬರೆದುಕೊಟ್ಟರು.

ಸದ್ದಿನ ಬಗ್ಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನಲ್ಲಿಗೆ ಬರುವ ಹತ್ತರಲ್ಲಿ ಐದಾರು ಮಂದಿ ಆ ಟಕ್ ಸದ್ದನ್ನೇ ಬೇಡುತ್ತಾರೆ. ಎಲುಬು ತನ್ನ ಜಾಗಕ್ಕೆ ಕೂತ ಸದ್ದು ಅದು ಎಂದು ಅವರ ಎಣಿಕೆ. ಕೀಲಿನ ಎರಡು ಮೇಲ್ಮೈಗಳು ಹಠಾತ್ತನೆ ಬೇರ್ಪಟ್ಟಾಗ ಒಳಗಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವ ಸದ್ದು ಅದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಬೆರಳಿನ ನೆಟಿಗೆ ಮುರಿಯುವುದನ್ನು ಎಂಆರ್‌ಐಯಲ್ಲಿಯೇ ಸೆರೆಹಿಡಿದು ಇದನ್ನು ತೋರಿಸಿದರು. ಸದ್ದಿನೊಂದಿಗೆ ಯಾವ ಎಲುಬೂ ಜಾರಿದಲ್ಲಿಂದ ಮರಳುವುದಿಲ್ಲ, ಡಿಸ್ಕ್ ಒಳಗೆ ಹೋಗುವುದಿಲ್ಲ. ನೆಟ್ಟಗಾದ ಕುತ್ತಿಗೆಯೂ ಹಾಗೆಯೇ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ.

ಆದರೆ ಹಗುರವಾದದ್ದು ಸುಳ್ಳಲ್ಲ. ಕೀಲಿನ ಚಲನೆಯಿಂದ ಸುತ್ತಲಿನ ಸ್ನಾಯುಗಳ ಬಿಗಿತ ಕೆಲಹೊತ್ತು ಇಳಿಯುತ್ತದೆ, ನೋವಿನ ಸಂವೇದನೆ ತಗ್ಗುತ್ತದೆ. ಸೊಂಟನೋವಿನಲ್ಲಿ ಇದರ ಬಗ್ಗೆ ಸಾಕಷ್ಟು ಅಧ್ಯಯನಗಳಾಗಿವೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರ ಮಾರ್ಗಸೂಚಿಯಲ್ಲಿ ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಶಾಖ, ಮಸಾಜುಗಳ ಜೊತೆಗೆ ಮ್ಯಾನಿಪ್ಯುಲೇಶನ್ನನ್ನೂ ಸೇರಿಸಿತು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2016ರಲ್ಲಿ ಅದನ್ನು ಒಪ್ಪಿದ್ದು ವ್ಯಾಯಾಮದ ಜೊತೆಯಲ್ಲಿ ಮಾತ್ರ. ಸಿಗುವ ಲಾಭ ಸಾಧಾರಣ ಪ್ರಮಾಣದ್ದು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಈ ಪದ್ಧತಿಯನ್ನು ಶುರುಮಾಡಿದಾಗ ಬೆನ್ನೆಲುಬು ಸರಿಪಡಿಸಿ ಒಬ್ಬರ ಕಿವುಡುತನ ನೀಗಿಸಿದೆ ಎಂದಿದ್ದರು. ಅಂಥ ಮಾತುಗಳಿಗೆ ಆಧಾರವಿಲ್ಲ. ಆದರೂ ಆ ವೃತ್ತಿಯೊಳಗಿನಿಂದಲೇ ಒಳ್ಳೆಯ ವಿಜ್ಞಾನವೂ ಬಂದಿದೆ. ಕುತ್ತಿಗೆ ನೋವು ದಿನದ ಕೆಲಸಗಳಿಗೆ ಎಷ್ಟು ಅಡ್ಡಿ ಎಂದು ಅಳೆಯಲು ಈ ಪ್ರಕರಣದಲ್ಲಿ ನಾನು ಬಳಸಿದ ಕುತ್ತಿಗೆಯ ಅಸಾಮರ್ಥ್ಯ ಸೂಚ್ಯಂಕವನ್ನು 1991ರಲ್ಲಿ ಪ್ರಕಟಿಸಿದವರು ಕೆನಡಾದ ಕೈರೋಪ್ರಾಕ್ಟರ್ ಹೊವಾರ್ಡ್ ವರ್ನನ್ ಮತ್ತು ಅವರ ಸಹೋದ್ಯೋಗಿ.

ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರುಗಳಿಗೆ 1994ರ ಕಾನೂನು ಇದೆ, ನೋಂದಣಿ ಇದೆ. ನಮ್ಮಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಶಾಸನಬದ್ಧ ಕೌನ್ಸಿಲ್ ಇಲ್ಲ. ಹಲವು ವರ್ಷ ಓದಿ ಬಂದವರೂ ಕೆಲವು ವಾರಗಳ ತರಬೇತಿ ಮುಗಿಸಿದವರೂ ಒಂದೇ ಬಗೆಯ ಬೋರ್ಡು ಹಾಕಬಹುದು. ನೀವು ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ ಎಂದು ಕೇಳಲು ನಮ್ಮ ಜನ ಸಂಕೋಚಪಡುತ್ತಾರೆ. ಕೇಳಲೇಬೇಕು. ನನ್ನನ್ನೂ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಕೈರೋಪ್ರಾಕ್ಟಿಕ್ ಸುರಕ್ಷತಾ ಮಾರ್ಗಸೂಚಿಯಲ್ಲಿ, ಡಿಸ್ಕ್ ಹೊರಚಾಚಿ ನರದ ಬಲಹೀನತೆ ಹೆಚ್ಚುತ್ತಿದ್ದರೆ ಮ್ಯಾನಿಪ್ಯುಲೇಶನ್ ಮಾಡಬಾರದು ಎಂದು ಸ್ಪಷ್ಟವಾಗಿದೆ. ಇವರ ಬಲ ಮೂರನೆಯ ಸಿಟ್ಟಿಂಗಿಗಿಂತ ಮೊದಲೇ ಇಳಿಯಲು ತೊಡಗಿತ್ತೇ? ಡಿಸ್ಕ್ ತನ್ನಷ್ಟಕ್ಕೆ ಆ ವಾರ ಇನ್ನಷ್ಟು ಉಬ್ಬಿತೇ? ತಿರುಗಿಸಿದ್ದರಿಂದಲೇ ಆಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಯಾರೂ ಹೇಳಲಾರರು, ಏಕೆಂದರೆ ಮೊದಲ ದಿನದ ಬಲ ಎಷ್ಟಿತ್ತು ಎಂಬುದು ಎಲ್ಲಿಯೂ ದಾಖಲಾಗಿಲ್ಲ. ನನಗೆ ನೋವಾಗುವುದು ಅಲ್ಲಿಯೇ. ಎರಡು ನಿಮಿಷ ಸಾಕಿತ್ತು.

ಚಿಕಿತ್ಸೆ

ಒತ್ತಿಹೋದ ಕುತ್ತಿಗೆಯ ನರ ಬಹಳಷ್ಟು ಮಂದಿಯಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ವಾರಗಳಿಂದ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹೊರಚಾಚಿದ ಡಿಸ್ಕಿನ ಭಾಗವನ್ನು ದೇಹ ಕ್ರಮೇಣ ಹೀರಿಕೊಳ್ಳುವುದೂ ಉಂಟು. ಇದನ್ನು ನಂಬಿಸುವುದೇ ಮೊದಲ ಚಿಕಿತ್ಸೆ, ಏಕೆಂದರೆ ಎಲುಬು ಜಾರಿದೆ ಎಂಬ ಮಾತು ಕೇಳಿದಂದಿನಿಂದ ಅವರು ಕತ್ತು ಅಲ್ಲಾಡಿಸಲೇ ಹೆದರುತ್ತಿದ್ದರು.

ಮೊದಲ ಮೂರು ವಾರ ಮೃದುವಾದ ಪಟ್ಟಿ, ಹಗಲು ಮಾತ್ರ. 2009ರಲ್ಲಿ ನೆದರ್ಲೆಂಡ್ಸ್‌ನಲ್ಲಿ 205 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಹೊಸದಾಗಿ ಶುರುವಾದ ಇಂಥ ನೋವಿನಲ್ಲಿ ಕುತ್ತಿಗೆ ಪಟ್ಟಿಯಾಗಲೀ ವ್ಯಾಯಾಮವಾಗಲೀ ಸುಮ್ಮನೆ ಕಾಯುವುದಕ್ಕಿಂತ ಬೇಗ ನೋವು ಇಳಿಸಿದವು. ಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಿದರೆ ಸ್ನಾಯುಗಳು ಸೊರಗುತ್ತವೆ, ಹಾಗಾಗಿ ಮೂರು ವಾರಕ್ಕೆ ಬಿಡಿಸಿದೆ. ಮಲಗುವಾಗ ತೋಳಿನ ಕೆಳಗೆ ದಿಂಬು ಕೊಟ್ಟು, ಕೈ ಎತ್ತಿಯೇ ಇರುವಂತೆ ಮಾಡಿದೆವು. ಕೈಯಿಂದ ಮಾಡುವ ಮೆದು ಎಳೆತ, ನರ ಜಾರುವಂಥ ನಿಧಾನದ ಚಲನೆಗಳು, ಗದ್ದವನ್ನು ಒಳಗೆಳೆದು ಕುತ್ತಿಗೆಯ ಮುಂಭಾಗದ ಆಳದ ಸ್ನಾಯುಗಳನ್ನು ಎಚ್ಚರಿಸುವ ವ್ಯಾಯಾಮ, ಅನಂತರ ಹೆಗಲ ಹಲಗೆಗೆ ಬಲ ಬರಿಸುವ ಕೆಲಸ. ಪ್ರತಿ ಭೇಟಿಯಲ್ಲೂ ಕೈಯ ಬಲ ಮೊದಲು ನೋಡಿ ಬರೆದಿಟ್ಟೇ ಮುಂದುವರಿದೆ.

ನಾಲ್ಕನೆಯ ವಾರ, ಬಲ ಇಳಿದಿಲ್ಲ ಎಂದು ಖಚಿತವಾದ ಮೇಲೆ, ಬೆನ್ನಿನ ಮೇಲ್ಭಾಗಕ್ಕೆ ಮಾತ್ರ ನಾನೂ ಎರಡು ಸಲ ಮ್ಯಾನಿಪ್ಯುಲೇಶನ್ ಮಾಡಿದೆ. ಸದ್ದು ಬಂತು. ಅವರು ನಕ್ಕರು. ಕುತ್ತಿಗೆಯನ್ನು ಮುಟ್ಟಲಿಲ್ಲ.

ತೋಟದಲ್ಲಿ

ಇಷ್ಟರಿಂದಲೇ ನಿಲ್ಲಿಸಿದ್ದರೆ ಮುಂದಿನ ಕೊಯ್ಲಿನಲ್ಲಿ ಅವರು ಮತ್ತೆ ನನ್ನ ಬೆಂಚಿನ ಮೇಲಿರುತ್ತಿದ್ದರು. ಹತ್ತನೆಯ ವಾರ ನಾನೇ ಒಂದು ತೋಟಕ್ಕೆ ಹೋದೆ. ಬೆಳಿಗ್ಗೆ ಎರಡು ಗಂಟೆ ಹೊತ್ತು ನೋಡುತ್ತ ನಿಂತಿದ್ದಕ್ಕೇ ನನ್ನ ಕತ್ತು ಹಿಡಿಯಿತು.

ಅವರು ಮರದ ಬುಡಕ್ಕೆ ತೀರ ಹತ್ತಿರ ನಿಲ್ಲುತ್ತಿದ್ದರು. ಮರ ಏರುತ್ತಿದ್ದ ಕಾಲದ ಅಭ್ಯಾಸ, ಬುಡದಿಂದಲೇ ಕೊನೆಯನ್ನು ಲೆಕ್ಕ ಹಾಕುವುದು. ಎರಡು ಹೆಜ್ಜೆ ಹಿಂದೆ ಸರಿದರೆ ಕತ್ತಿನ ಬಾಗು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆದರೆ ದೋಟಿ ಓರೆಯಾದಾಗ ತುದಿಯ ಭಾರ ಕೈಗೆ ಹೆಚ್ಚು ಬೀಳುತ್ತದೆ, ಆದ್ದರಿಂದ ಮೂರನೆಯ ಹೆಜ್ಜೆ ಬೇಡವೆಂದು ಅವರೇ ತೀರ್ಮಾನಿಸಿದರು. ಆ ತೀರ್ಮಾನದ ಹಕ್ಕು ಅವರದ್ದೇ, ನಾನು ದೋಟಿ ಹಿಡಿದವನಲ್ಲ. ಭುಜ ಬದಲಿಸಿ ಎಡಗಡೆ ಹಿಡಿಯುವುದನ್ನು ಕಲಿಯಲು ಒಂದು ವಾರ ಹಿಡಿಯಿತು. ಕೆಳಗೆ ಬಲೆ ಹಿಡಿಯುತ್ತಿದ್ದ ತರುಣನೂ ದೋಟಿ ಕಲಿತ. ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಬರೂ ಕೆಲಸ ಬದಲಿಸಿಕೊಳ್ಳತೊಡಗಿದರು. ಇದಕ್ಕೆ ತೋಟದ ಯಜಮಾನರನ್ನು ಒಪ್ಪಿಸಬೇಕಾಯಿತು. ಗಂಟೆಗೆ ಇಷ್ಟು ಮರ ಎಂಬ ಲೆಕ್ಕ ಮೊದಲ ದಿನಗಳಲ್ಲಿ ಇಳಿಯಿತು, ಆಮೇಲೆ ಮೊದಲಿನ ಹತ್ತಿರಕ್ಕೆ ಬಂತು.

ಬಂಡೆ ಏರುವವರಿಗೆ ಕೆಳಗಿನಿಂದ ಹಗ್ಗ ಹಿಡಿಯುವವರು ಬಳಸುವ ಪ್ರಿಸಂ ಕನ್ನಡಕವನ್ನೂ ತರಿಸಿದೆ. ಅದನ್ನು ಹಾಕಿಕೊಂಡು ನೇರ ನೋಡಿದರೆ ಮೇಲಿನದು ಕಾಣುತ್ತದೆ. ಕೊಯ್ಲಿಗೆ ಅದು ಆಗಿಬರಲಿಲ್ಲ. ಕತ್ತಿ ಎಲ್ಲಿ ಕೂತಿತು ಎಂಬ ಅಂದಾಜು ತಪ್ಪುತ್ತಿತ್ತು, ಬೀಳುವ ಕೊನೆಯಿಂದ ತಪ್ಪಿಸಿಕೊಳ್ಳಲು ಕಾಲ ಬುಡವೂ ಕಾಣಬೇಕು. ಮದ್ದು ಬಿಡುವಾಗ ನೋಡೋಣ ಎಂದು ಡಬ್ಬಿಯಲ್ಲಿಟ್ಟಿದ್ದಾರೆ.

ಅಂಕಿಗಳು ಹೀಗಿವೆ. ಬಂದ ದಿನ ನೋವು ಹತ್ತಕ್ಕೆ ಎಂಟು, ಕುತ್ತಿಗೆಯ ಅಸಾಮರ್ಥ್ಯ ಸೂಚ್ಯಂಕ ಐವತ್ತಕ್ಕೆ 31. ಆರನೆಯ ವಾರ ನೋವು ಮೂರು, ಸೂಚ್ಯಂಕ 17. ಹದಿನಾಲ್ಕನೆಯ ವಾರ ನೋವು ಒಂದು, ಸೂಚ್ಯಂಕ 8, ಮೊಣಕೈಯ ಬಲ ಪೂರ್ತಿ ಐದು. ಪ್ರತಿವರ್ತನೆ ಇನ್ನೂ ಎಡಗೈಗಿಂತ ಮಂದ. ನಡುಬೆರಳಿನ ತುದಿಯ ಸ್ಪರ್ಶ ಪೂರ್ತಿಯಾಗಿ ಮರಳಿಲ್ಲ. ಅಂಗಳದಲ್ಲಿ ಅಡಿಕೆ ಒಣಗಿದೆಯೇ ಎಂದು ನೋಡಲು ಅವರು ಈಗ ಎಡಗೈ ಚಾಚುತ್ತಾರೆ.

ಕೊನೆಯ ಭೇಟಿ ಜನವರಿಯಲ್ಲಿ. ರಾತ್ರಿ ಕೈ ಎಲ್ಲಿರುತ್ತದೆ ಎಂದು ಕೇಳಿದೆ. ಹೊದಿಕೆಯ ಒಳಗೆ ಎಂದರು ತಾಯಿ. ಮುಂದಿನ ಭೇಟಿಯನ್ನು ಮೇ ತಿಂಗಳ ಮೂರನೆಯ ವಾರಕ್ಕೆ, ಮೊದಲ ಮದ್ದು ಬಿಡುವ ಮುನ್ನ ಇಟ್ಟುಕೊಂಡಿದ್ದೇವೆ. ಅಂದು ಬಲೆ ಹಿಡಿಯುವ ಆ ತರುಣನನ್ನೂ ಕರೆತರಲು ಹೇಳಿದ್ದೇನೆ. ಅವನ ಎರಡೂ ಕೈಗಳ ಬಲ, ಪ್ರತಿವರ್ತನೆಗಳನ್ನು ನೋವು ಬರುವ ಮೊದಲೇ ಬರೆದಿಡಬೇಕು.